ಕಟಿಂಗ್ ಮಷಿನ್ ಬ್ಲೇಡಿಗೆ ಸಾಣೆ: ಪೀಣ್ಯದ ಈ ಅಂಗಡಿಯೊಂದಿಗೆ ಎರಡು ವರ್ಷ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಇರುವುದು ಕಾಗದ ಕತ್ತರಿಸುವ 42 ಇಂಚಿನ ಒಂದೇ ಕಟಿಂಗ್ ಮಷಿನ್. ಅದಕ್ಕೆ ಮೂರು ಬ್ಲೇಡುಗಳನ್ನು ಸರದಿಯ ಮೇಲೆ ಬಳಸುತ್ತೇವೆ. ಕಳೆದ ಎರಡು ವರ್ಷಗಳಿಂದ ಮೂರೂ ಪೀಣ್ಯದ ಈ ಗ್ರೈಂಡಿಂಗ್ ಅಂಗಡಿಗೇ ಹೋಗಿ ಬರುತ್ತಿರುವುದರಿಂದ, ಒಂದು ಸಲದ ಕೆಲಸವನ್ನು ನೋಡಿ ಬರೆದ ಅಭಿಪ್ರಾಯ ಇದಲ್ಲ.

ಮೊದಲು ನಾವು ಬೇರೊಂದು ಕಡೆ ಸಾಣೆ ಹಿಡಿಸುತ್ತಿದ್ದೆವು. ಅಲ್ಲಿ ದರ ಕಡಿಮೆ, ಬೆಳಿಗ್ಗೆ ಕೊಟ್ಟರೆ ಸಂಜೆಗೆ ಬ್ಲೇಡು ಸಿದ್ಧ. ಆದರೆ ಮೇ ತಿಂಗಳಲ್ಲಿ, ನೋಟ್‌ಬುಕ್ಕಿನ ಕೆಲಸ ತಲೆಯ ಮೇಲೆ ಕುಳಿತಿದ್ದ ಹೊತ್ತಿನಲ್ಲಿ, ಆಗಷ್ಟೇ ಸಾಣೆಯಾಗಿ ಬಂದಿದ್ದ ಬ್ಲೇಡು ನಾಲ್ಕನೆಯ ದಿನಕ್ಕೇ ಎಡತುದಿಯಿಂದ ಒಂದು ಗೇಣಿನಷ್ಟು ಒಳಗೆ ಮೊಂಡಾಗಿ, ಕಾಗದದ ಅಂಚಿನಲ್ಲಿ ಗೀರು ಬೀಳತೊಡಗಿತು. ಬಿಚ್ಚಿ ಬೆಳಕಿಗೆ ಹಿಡಿದಾಗ ಆ ಜಾಗದಲ್ಲಿ ನೀಲಿ ಛಾಯೆ ಕಂಡಿತು. ಬೇಗ ಮುಗಿಸುವ ಆತುರದಲ್ಲಿ ಸಾಣೆಕಲ್ಲನ್ನು ಒತ್ತಿ ಓಡಿಸಿದರೆ, ತಂಪು ಮಾಡುವ ದ್ರವ, ಅಂದರೆ ಕೂಲೆಂಟ್, ಸಾಲದೆ ಹೋದರೆ, ಉಕ್ಕು ಹೀಗೆ ಸುಟ್ಟು ಹದ ಕೆಡುತ್ತದೆ. ಕಣ್ಣಿಗೆ ಕಾಣದ ಬಿರುಕುಗಳೂ ಏಳಬಹುದು. ಸುಟ್ಟ ಭಾಗವನ್ನು ತೆಗೆಯಬೇಕಾದರೆ ಇನ್ನಷ್ಟು ಉಕ್ಕನ್ನು ಉಜ್ಜಿ ಹಾಕದೆ ಗತಿಯಿಲ್ಲ. ನಮ್ಮಂಥವರು ಬಳಸುವ ಬ್ಲೇಡಿನ ಇಡೀ ಮೈ ಗಡಸು ಉಕ್ಕಿನದಲ್ಲ. ಸಾಮಾನ್ಯ ಉಕ್ಕಿನ ಮೈಗೆ ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ಕಡೆ ಮಾತ್ರ ಹೈಸ್ಪೀಡ್ ಸ್ಟೀಲಿನ ಪಟ್ಟಿಯನ್ನು ಕೂರಿಸಿರುತ್ತಾರೆ, ಆ ಪಟ್ಟಿ ಸವೆದ ದಿನ ಬ್ಲೇಡು ಗುಜರಿಗೆ ಹೋಗುತ್ತದೆ. ಆದ್ದರಿಂದ ಸಾಣೆಯ ನಿಜವಾದ ಬೆಲೆ ಬಿಲ್ಲಿನಲ್ಲಿರುವ ಮೊತ್ತವಲ್ಲ, ಕಲ್ಲು ತಿಂದುಹಾಕಿದ ಉಕ್ಕು.

ಈ ಅಂಗಡಿಗೆ ಮೊದಲ ಸಲ ಹೋದಾಗ ಮೇಸ್ತ್ರಿಯವರು ಬ್ಲೇಡನ್ನು ಮೇಜಿನ ಮೇಲೆ ಮಲಗಿಸಿ, ವರ್ನಿಯರ್ ಹಿಡಿದು ಎರಡೂ ತುದಿಗಳ ಅಗಲವನ್ನು ಅಳೆದರು. ಎಡತುದಿ ಬಲಕ್ಕಿಂತ ಒಂದೂವರೆ ಮಿಲಿಮೀಟರ್ ಕಡಿಮೆಯಿತ್ತು. “ಎಡಗಡೆ ಕೊನೇ ಹಾಳೆ ಕಟ್ ಆಗಲ್ಲ ಅಂತ ಬ್ಲೇಡ್ ಇಳಿಸ್ತಾ ಹೋಗಿದ್ದೀರ, ಬಲಗಡೆ ಕಟಿಂಗ್ ಸ್ಟಿಕ್ ಗುಳಿ ಬಿದ್ದಿರ್ಬೇಕಲ್ವಾ ಸರ್?” ಎಂದರು. ಕಟಿಂಗ್ ಸ್ಟಿಕ್ ಎಂದರೆ ಬ್ಲೇಡು ಇಳಿದು ತಾಗುವ ಕಡೆ ಯಂತ್ರದ ಮೇಜಿನಲ್ಲಿ ಕೂರಿಸಿರುವ ಪಟ್ಟಿ. ನಾನು ಯಂತ್ರದ ಬಗ್ಗೆ ಅಲ್ಲಿಯವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅನಂತರ ಉಕ್ಕಿನ ನೇರಪಟ್ಟಿಯನ್ನು ಬಾಯಿಗೆ ತಾಗಿಸಿ ಹಿಂದಿನಿಂದ ಟಾರ್ಚ್ ಬಿಟ್ಟು, ಬೆಳಕು ನುಸುಳುವ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿಕೊಂಡರು.

ಗ್ರೈಂಡಿಂಗ್ ನೋಡಲು ಅಲ್ಲೇ ನಿಂತೆ. ಒಂದು ಓಟಕ್ಕೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೇ ಕಲ್ಲನ್ನು ಇಳಿಸಿ, ಕೂಲೆಂಟ್ ಧಾರೆಯನ್ನು ಒಮ್ಮೆಯೂ ನಿಲ್ಲಿಸದೆ, ಮುಕ್ಕು ಮಾಯವಾದ ಕೂಡಲೇ ಇಳಿಸುವುದನ್ನು ನಿಲ್ಲಿಸಿ, ಕೊನೆಯ ಕೆಲವು ಓಟಗಳನ್ನು ಕಿಡಿ ಆರುವವರೆಗೆ ಸುಮ್ಮನೆ ಓಡಿಸಿದರು. ನೋಡುವವರಿಗೆ ಬೇಸರ ತರಿಸುವ ಕೆಲಸ, ಆದರೆ ಅದರ ಗುಣವೂ ಆ ಬೇಸರದಲ್ಲೇ ಇದೆ. ಬಾಯಿಯಲ್ಲಿ ಉಳಿಯುವ ಬರ್ ಅನ್ನು, ಅಂದರೆ ಉಕ್ಕಿನ ಸಣ್ಣ ಮುಳ್ಳುಗಳನ್ನು, ಎಣ್ಣೆಕಲ್ಲಿನಿಂದ ಕೈಯಲ್ಲೇ ತೆಗೆಯುತ್ತಾರೆ. ಹಿಂಬದಿಯಲ್ಲಿ ಕಲ್ಲನ್ನು ಸಪಾಟಾಗಿ ಇಡುತ್ತಾರೆಯೇ ಹೊರತು ಎತ್ತಿ ಉಜ್ಜುವುದಿಲ್ಲ. ಸಾಣೆಗೆ ಮುಂಚಿನ ಅಗಲ, ಅನಂತರದ ಅಗಲ, ಕೋನ, ಈ ಮೂರನ್ನೂ ಬಿಲ್ಲಿನ ಮೇಲೆ ಬರೆದುಕೊಡುತ್ತಾರೆ. ಇದೊಂದು ಪದ್ಧತಿಗಾಗಿಯೇ ನಾನು ಇಂಚಿಗೆ ಹೆಚ್ಚು ದರ ಕೊಡಲು ಒಪ್ಪಿದ್ದೇನೆ.

ಕೋನದ ವಿಚಾರದಲ್ಲಿ ಅವರ ಸಲಹೆ ನಮಗೆ ಬಹಳ ಉಪಯೋಗವಾಯಿತು. ಅದುವರೆಗೆ ಮೂರೂ ಬ್ಲೇಡುಗಳನ್ನು ಒಂದೇ ಕೋನಕ್ಕೆ ಹಿಡಿಸುತ್ತಿದ್ದೆವು. ಈಗ ನೋಟ್‌ಬುಕ್ಕಿನ ಮ್ಯಾಪ್‌ಲಿಥೊ ಕಾಗದಕ್ಕೆ 21 ಡಿಗ್ರಿಯ ಬ್ಲೇಡು, ಮದುವೆಯ ಕರೆಯೋಲೆಯ ದಪ್ಪ ಬೋರ್ಡು ಮತ್ತು ಆರ್ಟ್ ಪೇಪರಿಗೆ 24 ಡಿಗ್ರಿಯದು. ತೆಳುವಾದ ಬಾಯಿ ಸಲೀಸಾಗಿ ಇಳಿಯುತ್ತದೆ, ಆದರೆ ಗಟ್ಟಿ ಸರಕಿಗೆ ತಾಳುವುದಿಲ್ಲ. ಆರ್ಟ್ ಪೇಪರಿನ ಲೇಪನದಲ್ಲಿ ಜೇಡಿಮಣ್ಣು, ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದರಿಂದ ಅದು ಬಾಯಿಯನ್ನು ಬೇಗ ಸವೆಸುತ್ತದೆ.

ನಮ್ಮ ಕಡೆಯ ತಪ್ಪುಗಳನ್ನೂ ಹೇಳಬೇಕು. ಆಯುಧಪೂಜೆಯ ದಿನ ಹುಡುಗರು ಬ್ಲೇಡಿನ ಬಾಯಿಗೇ ಕುಂಕುಮ ಕಲಸಿ ಹಚ್ಚಿದ್ದರು. ಎರಡು ದಿನ ರಜೆ ಕಳೆದು ಬಂದಾಗ ಬೊಟ್ಟಿಟ್ಟ ಕಡೆಯೆಲ್ಲ ತುಕ್ಕಿನ ಚುಕ್ಕೆಗಳು ಎದ್ದಿದ್ದವು. ಈಗ ಕುಂಕುಮ ಯಂತ್ರದ ಮೈಗೆ ಮಾತ್ರ, ಬಾಯಿಗೆ ಎಣ್ಣೆ. ಕಟಿಂಗ್ ಸ್ಟಿಕ್ಕನ್ನು ನಾಲ್ಕೂ ಮಗ್ಗುಲಿಗೆ ಹೊರಳಿಸಿ, ತುದಿ ಅದಲುಬದಲು ಮಾಡಿದರೆ ಎಂಟು ಸಲ ಬಳಸಬಹುದು. ಅದನ್ನು ಹೊರಳಿಸದೆ ಬಿಟ್ಟು ಬ್ಲೇಡನ್ನು ದೂರುತ್ತಿದ್ದ ಕಾಲವೂ ನಮ್ಮಲ್ಲಿತ್ತು.

ಕೊರತೆಗಳಿಲ್ಲದೆ ಇಲ್ಲ. ಮೂರು ದಿನ ಎಂದು ಹೇಳಿ ಐದು ದಿನ ಮಾಡುತ್ತಾರೆ, ಮಧ್ಯಾಹ್ನದ ಮೇಲೆ ಫೋನ್ ಎತ್ತುವುದಿಲ್ಲ. ಬ್ಲೇಡನ್ನು ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆಯಿಲ್ಲ. ಭಾರವಾದ, ಹರಿತವಾದ ಉಕ್ಕನ್ನು ನೀವೇ ಪೀಣ್ಯದಿಂದ ಹೊತ್ತು ತರಬೇಕು. ಒಮ್ಮೆ ಗೋಣಿಚೀಲ ಸುತ್ತಿ ಆಟೋದಲ್ಲಿ ತಂದಾಗ ತುದಿ ಮುಕ್ಕಾಯಿತು. ಅವರು ಪುನಃ ಹಿಡಿದುಕೊಟ್ಟರು, ಆದರೆ ಅರ್ಧ ಹಣ ತೆಗೆದುಕೊಂಡರು. ತಪ್ಪು ನನ್ನದೇ ಆದ್ದರಿಂದ ವಾದಿಸಲಿಲ್ಲ. ಅಲ್ಲಿಗೆ ಹೋಗುವವರು ಬ್ಲೇಡಿಗೆ ತಿರುಪು ಹಾಕಿ ಬಿಗಿಯುವ ಮರದ ಪೆಟ್ಟಿಗೆಯನ್ನೂ, ಜೊತೆಗೆ ಇನ್ನೊಬ್ಬ ಆಳನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು, ಮತ್ತು ಬದಲಿ ಬ್ಲೇಡು ಇಲ್ಲದವರು ಹಂಗಾಮು ಶುರುವಾಗುವ ಮುಂಚೆಯೇ ಹೋಗಬೇಕು. ನಮ್ಮ 24 ಡಿಗ್ರಿಯ ಬ್ಲೇಡು ಕಳೆದ ಸೋಮವಾರದಿಂದ ಅಲ್ಲೇ ಇದೆ. ಗುರುವಾರ ಕೊಡುತ್ತೇನೆ ಎಂದಿದ್ದಾರೆ, ನಾನು ಶನಿವಾರ ಹೋಗುತ್ತೇನೆ.