ಸಿಪಿಯು ಸದ್ದಿಗೆ ಯಾವುದು ಮದ್ದು: ಫೋಮ್ ಪೆಟ್ಟಿಗೆಯೋ, ದೊಡ್ಡ ಫ್ಯಾನೋ, ಗೋಡೆಯಾಚೆಯ ಕೋಣೆಯೋ?

ಬದಿಯಡ್ಕ, ಪೆರ್ಲದ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಕಂಪ್ಯೂಟರಿನ ಕೂಗು ತಾನಾಗಿ ಏರುತ್ತದೆ. ಸಿಪ್ಪೆಯ ಧೂಳು ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡು) ಸಂದುಗಳಲ್ಲಿ ಕೂತರೆ ಬಿಸಿ ಹೊರಗೆ ಹೋಗದು, ಫ್ಯಾನಿಗೆ ಓಡದೆ ಗತಿಯಿಲ್ಲ. ಆದ್ದರಿಂದ ಈ ಮೂರನ್ನೂ ಹೋಲಿಸಿದ್ದು ಧೂಳು ತೆಗೆದು, ಪ್ರೊಸೆಸರಿನಿಂದ ಹೀಟ್‌ಸಿಂಕಿಗೆ ಬಿಸಿ ದಾಟಿಸುವ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆಯೇ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿಡಿ, ಗರಗರ ತಿರುಗಿ ಬೇರಿಂಗ್ ಹಾಳಾದೀತು.

ಫೋಮ್ ಅಂಟಿಸಿದ ಪ್ಲೈವುಡ್ ಪೆಟ್ಟಿಗೆಯ ಸುಖ ಸ್ವಲ್ಪ ಹೊತ್ತಿನದು. ಒಳಗಿನ ಗಾಳಿ ಕಾದಂತೆ ಅದೇ ಫ್ಯಾನ್ ಮೊದಲಿಗಿಂತ ಜೋರಾಗುತ್ತದೆ. ಕಿಂಡಿ ದೊಡ್ಡದು ಮಾಡಿದರೆ ಗಾಳಿಯ ಜೊತೆ ಸದ್ದೂ ಹೊರಬಂತು. ತೆಳು ಫೋಮ್ ಕೀರಲು ಸದ್ದನ್ನಷ್ಟೇ ನುಂಗುತ್ತದೆ; 7200 ಆರ್‌ಪಿಎಂ ಹಾರ್ಡ್ ಡಿಸ್ಕಿನ 120 ಹರ್ಟ್ಸ್ ಗುಂಯ್‌ಗೆ ಅದು ಏನೂ ಅಲ್ಲ. ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕುವುದೇ ಸರಿ. ನಮ್ಮ ಮಳೆಗಾಲದಲ್ಲಿ ಫೋಮಿಗೆ ಬೂಷ್ಟು ಬೇರೆ.

ಹೆಚ್ಚಿನವರಿಗೆ ಸಾಕಾಗುವುದು ದೊಡ್ಡ ಫ್ಯಾನ್. 80 ಮಿಮೀ ಬದಲು 120 ಮಿಮೀ ಹಾಕಿದರೆ ಅಷ್ಟೇ ಗಾಳಿಗೆ ಕಡಿಮೆ ಸುತ್ತು ಸಾಕು; ಸುತ್ತು ಅರ್ಧವಾದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಕೊಳ್ಳುವ ಮೊದಲು ಕ್ಯಾಬಿನೆಟ್ಟಿನಲ್ಲಿ ಸ್ಕ್ರೂ ತೂತುಗಳ ಅಂತರ 105 ಮಿಮೀ ಇದೆಯೇ ಅಳೆಯಿರಿ. ಕೂಗುವುದು ಯಾವುದೆಂದು ತಿಳಿಯಲು ಒಂದೊಂದೇ ಫ್ಯಾನಿನ ನಡುಭಾಗವನ್ನು ಪೆನ್ಸಿಲ್ ಹಿಂದಿನ ರಬ್ಬರಿನಿಂದ 2 ಸೆಕೆಂಡು ಒತ್ತಿ. ಸಮಾನ ಸದ್ದಿನ ಎರಡು ಫ್ಯಾನಿರುವಾಗ ಒಂದನ್ನಷ್ಟೇ ಬದಲಿಸಿದರೆ ಸಿಗುವುದು ಬರೀ 3 ಡೆಸಿಬೆಲ್. ದುಡ್ಡು ದಂಡ ಎನ್ನುವವರು ಎಡವುವುದು ಇಲ್ಲೇ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಫ್ಯಾನಿನ ವೇಗವನ್ನು ಪ್ರೊಸೆಸರಿನ ಬಿಸಿ 50 ಡಿಗ್ರಿವರೆಗೆ 30%, 70ಕ್ಕೆ 60%, 85ಕ್ಕೆ 100% ಇಟ್ಟು ನೋಡಿ. ಮೂರು ಪಿನ್ನಿನ ಫ್ಯಾನಿಗೆ ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಡಿಸಿ ಮೋಡ್ ಬೇಕು. ನಾಲ್ಕು ಪಿನ್ನಿನ ಫ್ಯಾನಿಗಿರುವ ಪಿಡಬ್ಲ್ಯುಎಂ ಮೋಡಿನಲ್ಲಿ ಬಿಟ್ಟರೆ ಅದು ಪೂರ್ತಿ ವೇಗದಲ್ಲೇ ಓಡುತ್ತದೆ. ಸದ್ದು ಎಸ್‌ಎಂಪಿಎಸ್‌ನದ್ದಾದರೆ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ) ಬಿಚ್ಚಲು ಹೋಗಬೇಡಿ, ಇಡೀ ಘಟಕ ಬದಲಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.

40 ಮಿಮೀ ಫ್ಯಾನಿನ ರ‍್ಯಾಕ್ ಸರ್ವರ್, ನೆಟ್‌ವರ್ಕ್ ಸ್ವಿಚ್‌ಗಳಿಗೆ ಮಾತ್ರ ಗೋಡೆಯಾಚೆಯೇ ಗತಿ. ಕೆಂಪುಕಲ್ಲಿನ ಗೋಡೆ ಕೊರೆಯುವುದು ಕಷ್ಟವಲ್ಲ. 2 ಇಂಚಿನ ಪಿವಿಸಿ ಪೈಪ್ ತೂರಿಸಿ ಕೇಬಲ್ ಎಳೆದ ಮೇಲೆ ಎರಡೂ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಸದ್ದಿನ ಹಿಂದೆಯೇ ಹಲ್ಲಿಯೂ ಬರುತ್ತದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಿದರೆ ಸಿಗ್ನಲ್ಲಿಗೆ ನಡುವೆ ಮತ್ತೆ ಬಲ ಕೊಡುವ ರಿಪೀಟರ್ ಇರುವುದನ್ನೇ ತನ್ನಿ. ಪೆನ್‌ಡ್ರೈವ್ ಹಾಕಲೆಂದು ಪ್ರತಿಸಲ ಎದ್ದು ಹೋಗದಿರಲು ಮೇಜಿನ ಮೇಲೊಂದು ಹಬ್ ಇರಲಿ.