ಮೈಸೂರು ಸ್ಯಾಂಡಲ್ ಸೋಪು: ಬಚ್ಚಲುಮನೆಯ ಗೀಳುಗಳ ಲೆಕ್ಕದಲ್ಲೊಂದು ವಿಮರ್ಶೆ

ಸೋಪಿನ ಬಗ್ಗೆ ಬರೆಯುವವರು ನೊರೆ, ಪರಿಮಳ, ಬೆಲೆ, ಚರ್ಮಕ್ಕೆ ಒಗ್ಗುವ ಬಗೆ ಇವಿಷ್ಟನ್ನು ಹೇಳಿ ಮುಗಿಸುವುದು ರೂಢಿ. ಆದರೆ ಸೋಪು ಬಳಸುವ ಹೆಚ್ಚಿನವರಿಗೆ ಯಾರಲ್ಲೂ ಹೇಳಿಕೊಳ್ಳದ ಒಂದೊಂದು ಪದ್ಧತಿ ಇರುತ್ತದೆ. ಬಾಗಿಲಿಗೆ ಚಿಲಕ ಹಾಕಿಕೊಂಡ ಬಚ್ಚಲುಮನೆಯಲ್ಲಿ ಅದನ್ನು ಪ್ರಶ್ನಿಸುವವರಾಗಲಿ ನಗುವವರಾಗಲಿ ಇಲ್ಲದ ಕಾರಣ, ವರ್ಷಗಟ್ಟಲೆ ಬೆಳೆದು ಅದು ಮೀರಲಾಗದ ನಿಯಮವಾಗಿಬಿಡುತ್ತದೆ. ಮೈಸೂರು ಸ್ಯಾಂಡಲ್ ಸೋಪನ್ನು ಆ ಕಡೆಯಿಂದ ನೋಡೋಣವೆಂದು ಈ ಬರಹ. ಕನ್ನಡಿಗರ ಮನೆಗಳಲ್ಲಿ ಇಷ್ಟು ಬಗೆಯ ಗೀಳುಗಳನ್ನು ಹುಟ್ಟಿಸಿದ ಬೇರೊಂದು ಸ್ನಾನದ ಸಾಮಗ್ರಿಯನ್ನು ನಾನು ಕಂಡಿಲ್ಲ. ಬಳಸುವವರ ವಿಚಿತ್ರ ಸ್ವಭಾವವನ್ನಷ್ಟೇ ಇದಕ್ಕೆ ಕಾರಣವಾಗಿ ಹೇಳಿದರೆ ಅನ್ಯಾಯವಾದೀತು. ಸೋಪಿನ ಎಣ್ಣೆ, ಆಕಾರ ಮತ್ತು ಡಬ್ಬಿಯಲ್ಲಿಯೇ ಅದಕ್ಕೆ ಸಾಕಷ್ಟು ಕುಮ್ಮಕ್ಕಿದೆ.

ಮೊದಲಿಗೆ ಡಬ್ಬಿಯ ವಿಷಯ. ಈ ಸೋಪನ್ನು ಕೊಳ್ಳುವ ಮನೆಗಳಲ್ಲಿ ಖಾಲಿ ಡಬ್ಬಿ ಕಸದ ಬುಟ್ಟಿಗೆ ನೇರವಾಗಿ ಹೋಗುವುದು ಅಪರೂಪ. ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ, ಮದುವೆಗೆಂದು ತೆಗೆದಿಟ್ಟ ಪಂಚೆಯ ಮಡಿಕೆಯೊಳಗೆ, ಕೆಲವೊಮ್ಮೆ ಮನೆಪತ್ರ ಇಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂಡ ಸಿಗುತ್ತದೆ. ಇದನ್ನು ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಶ್ರೀಗಂಧದ ಎಣ್ಣೆಯ ಮುಖ್ಯ ಘಟಕವಾದ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುವ ಜಾತಿಯದು. ನಿಂಬೆ, ಕಿತ್ತಳೆಯಂಥ ಪರಿಮಳಗಳು ಬೇಗನೆ ಹಾರಿಹೋದರೆ, ಕಾಗದ ಹೀರಿಕೊಂಡ ಗಂಧದ ವಾಸನೆ ಬಹುಕಾಲ ನಿಲ್ಲುತ್ತದೆ. ಸುಗಂಧ ತಯಾರಿಸುವವರು ಗಂಧವನ್ನು ಕೊನೆಯವರೆಗೂ ಉಳಿಯುವ ತಳದ ಪರಿಮಳವೆಂದು ಬಳಸುವುದೂ ಇದೇ ಗುಣಕ್ಕಾಗಿ. ಸೋಪು ಸವೆದುಹೋದ ಎಷ್ಟೋ ಕಾಲದ ಮೇಲೂ ಡಬ್ಬಿಯನ್ನು ಮೂಗಿಗೆ ಹಿಡಿದರೆ ಏನೋ ಉಳಿದಿರುತ್ತದೆ. ಬೀರು ತೆರೆದಾಗಲೆಲ್ಲ ಸೀರೆ ಹುಡುಕುವ ನೆಪದಲ್ಲಿ ಡಬ್ಬಿಯನ್ನು ಒಮ್ಮೆ ಮೂಸಿ ಮತ್ತೆ ಅಲ್ಲೇ ತುರುಕುವವರನ್ನು ನಾನು ನೋಡಿದ್ದೇನೆ. ಅವರು ಯಾರೆಂದು ಹೇಳಿದರೆ ಮುಂದಿನ ಹಬ್ಬಕ್ಕೆ ನನಗೆ ಹೋಳಿಗೆ ಸಿಗುವುದಿಲ್ಲ.

ಈ ಎಣ್ಣೆ ಸೋಪಿಗೆ ಸೇರಿದ ಕಥೆ ಎಲ್ಲರಿಗೂ ಸ್ವಲ್ಪಮಟ್ಟಿಗೆ ಗೊತ್ತಿರುವುದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಸಾಗುವುದು ನಿಂತು, ಮರ ದಾಸ್ತಾನಿನಲ್ಲೇ ಉಳಿದಾಗ, 1916ರಲ್ಲಿ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕೆಲಸ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಎಂ. ವಿಶ್ವೇಶ್ವರಯ್ಯನವರ ಉತ್ತೇಜನದಿಂದ ಸೋಪಿನ ಕಾರ್ಖಾನೆಯೂ ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಗಂಧದೆಣ್ಣೆಯ ಸೋಪನ್ನು ರೂಪಿಸಿ ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಆನೆಯ ತಲೆ ಮತ್ತು ಸಿಂಹದ ದೇಹ ಕೂಡಿದ ಶರಭದ ಲಾಂಛನ, ಇವು ಆ ಪರಂಪರೆಯಿಂದ ಬಂದವು. ಸರ್ಕಾರಿ ಸೋಪು ಕಾರ್ಖಾನೆ ಮತ್ತು ಗಂಧದೆಣ್ಣೆ ಕಾರ್ಖಾನೆಗಳನ್ನು ಸೇರಿಸಿ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. ಯಶವಂತಪುರದ ಬಳಿಯ ಮೆಟ್ರೋ ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರಿದೆ. ಒಂದು ಸೋಪಿನ ಹೆಸರು ಹೇಳಿ ಟಿಕೆಟ್ ಕೇಳುವ ಭಾಗ್ಯ ಬೇರೆ ಊರಿನವರಿಗೆ ಇದೆಯೋ ಇಲ್ಲವೋ.

ಲಾಂಛನದ ವಿಷಯಕ್ಕೆ ಬಂದಾಗ ನಮ್ಮ ದೊಡ್ಡಪ್ಪನವರನ್ನು ಬಿಡುವಂತಿಲ್ಲ. ಹೊಸ ಬಿಲ್ಲೆ ತೆಗೆದ ದಿನ ಅವರು ಹೆಸರು ಅಚ್ಚಾಗಿರುವ ಮೇಲ್ಭಾಗಕ್ಕೆ ನೀರು ಸೋಕದಂತೆ, ಅದನ್ನು ಅಂಗೈಗೆ ಒತ್ತಿ ಹಿಡಿದು, ಬೆನ್ನಿನ ಭಾಗದಿಂದಲೇ ಮೈಗೆ ಉಜ್ಜಿಕೊಳ್ಳುತ್ತಿದ್ದರು. ಸ್ನಾನ ಮುಗಿದ ಮೇಲೆ ಬಿಲ್ಲೆಯನ್ನು ಒಂದು ಚೊಂಬು ನೀರಿನಲ್ಲಿ ತೊಳೆದು, ಪಂಚೆಯ ಅಂಚಿನಿಂದ ಒತ್ತಿ ಒರೆಸಿ, ಕಿಟಕಿಯ ಸರಳಿಗೆ ಒರಗಿಸಿ, ಅಂಚಿನ ಮೇಲೆ ನಿಲ್ಲಿಸುವುದು ಅವರ ಕ್ರಮ. ಅಂಡಾಕಾರದ ಸೋಪು ಅಂಚಿನ ಮೇಲೆ ಸುಲಭವಾಗಿ ನಿಲ್ಲುವುದಿಲ್ಲ. ಅದಕ್ಕಾಗಿ ಸರಳಿನ ಪಕ್ಕಕ್ಕೆ ಸುಣ್ಣದ ಒಂದು ಸಣ್ಣ ಉಂಡೆಯನ್ನು ತಾವೇ ಮೆತ್ತಿದ್ದರು. ಬಿಲ್ಲೆ ಅರ್ಧ ಸವೆದರೂ ಹೆಸರು ಓದುವಂತಿರಬೇಕು ಎಂಬುದು ಅವರ ಪಂತ. ‘ಏನ್ ದೊಡ್ಡಪ್ಪ, ಸೋಪಿಗೂ ಇಷ್ಟು ಉಪಚಾರವಾ?’ ಎಂದು ಕೇಳಿದರೆ, ‘ದುಡ್ಡು ಕೊಟ್ಟು ತಂದಿರೋದು ಕಣೋ, ನೊರೆಗೊಬ್ಬನಿಗೇ ಯಾಕೆ ಕೊಡಲಿ?’ ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ಈಗಲೂ ಪೂರ್ತಿಯಾಗಿ ಆಗಿಲ್ಲವಾದರೂ, ಅವರ ಕ್ರಮದಲ್ಲಿ ವಿಜ್ಞಾನ ಇತ್ತೆಂಬುದನ್ನು ಒಪ್ಪಲೇಬೇಕು. ಯಾವುದೇ ಸ್ನಾನದ ಸೋಪು ಕರಗಿ ಹಾಳಾಗುವುದು ಉಜ್ಜುವುದರಿಂದ ಎಷ್ಟೋ, ನಿಂತ ನೀರಿನಲ್ಲಿ ಕೂತು ಮೆತ್ತಗಾಗುವುದರಿಂದಲೂ ಅಷ್ಟೇ. ಗಾಳಿ ಆಡುವಂತೆ ಇಟ್ಟ ಬಿಲ್ಲೆ ಖಂಡಿತವಾಗಿ ಹೆಚ್ಚು ದಿನ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೋಪುಡಬ್ಬಿಗಳಲ್ಲಿ ಹಲವಕ್ಕೆ ತೂತು ಇದ್ದರೂ ಅದರ ಕೆಳಗೆ ನೀರು ಹೋಗಲು ದಾರಿ ಇರುವುದಿಲ್ಲ. ನಾನು ಕೊಂಡಿದ್ದ ಒಂದು ಡಬ್ಬಿಯಂತೂ ಬೆಳಗಾಗುವಷ್ಟರಲ್ಲಿ ಸೋಪನ್ನು ಗಂಜಿ ಮಾಡುತ್ತಿತ್ತು. ದೊಡ್ಡಪ್ಪನ ಸುಣ್ಣದ ಉಂಡೆ ಅದಕ್ಕಿಂತ ಎಷ್ಟೋ ಮೇಲು.

ಸವೆದ ಚೂರನ್ನು ಹೊಸ ಬಿಲ್ಲೆಗೆ ಅಂಟಿಸುವವರ ಪಂಗಡ ಇದಕ್ಕಿಂತ ದೊಡ್ಡದು. ಚೂರನ್ನು ಎಸೆಯುವುದೆಂದರೆ ಅನ್ನ ಚೆಲ್ಲಿದಷ್ಟು ಸಂಕಟಪಡುವ ಈ ಜನರಿಗೆ ಮೈಸೂರು ಸ್ಯಾಂಡಲ್ ಒಂದು ನಿಜವಾದ ಪರೀಕ್ಷೆ. ಚಪ್ಪಟೆ ಸೋಪುಗಳಲ್ಲಿ ಚೂರು ಒತ್ತಿದರೆ ಕೂತುಬಿಡುತ್ತದೆ. ಇಲ್ಲಿ ಹೊಸ ಬಿಲ್ಲೆಯ ಮೈ ಉಬ್ಬಾಗಿರುತ್ತದೆ, ಹಳೆಯ ಚೂರಿನ ಮೈಯೂ ಉಬ್ಬಿಯೇ ಸವೆದಿರುತ್ತದೆ, ಎರಡು ಉಬ್ಬುಗಳು ಒಂದು ಚುಕ್ಕಿಯಲ್ಲಿ ಮಾತ್ರ ತಾಕಿ ಜಾರಿಹೋಗುತ್ತವೆ. ಅನುಭವಸ್ಥರ ಉಪಾಯ ಹೀಗಿದೆ: ಚೂರು ತೀರ ತೆಳುವಾಗಿ, ಬೆರಳಿನಿಂದ ಒತ್ತಿದರೆ ಬಾಗುವ ಸ್ಥಿತಿಗೆ ಬರುವವರೆಗೆ ಕಾಯಬೇಕು, ಹೊಸ ಬಿಲ್ಲೆಯನ್ನು ಕೆಲವು ಸ್ನಾನಗಳಲ್ಲಿ ಬಳಸಿ ಅದರ ಮೇಲಿನ ನುಣುಪು ಹೋಗಿಸಬೇಕು, ಆಮೇಲೆ ಎರಡನ್ನೂ ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೈಗಳನ್ನು ಸೇರಿಸಿ, ಚೂರಿನ ಅಂಚುಗಳನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತುತ್ತ ಬಂದು, ರಾತ್ರಿಯಿಡೀ ಮುಟ್ಟದೆ ಬಿಡಬೇಕು. ನೀರು ಆರುತ್ತಿದ್ದಂತೆ ಎರಡೂ ಒಂದಾಗುತ್ತವೆ. ಮರುದಿನ ಬೆಳಗ್ಗೆ ಮನೆಯ ಬೇರೊಬ್ಬರು ಮೊದಲು ಸ್ನಾನಕ್ಕೆ ಹೋಗಿ ಅದನ್ನು ಕಿತ್ತುಹಾಕಿದರೆ ಉಂಟಾಗುವ ಕೌಟುಂಬಿಕ ಬಿಕ್ಕಟ್ಟನ್ನು ಇಲ್ಲಿ ವಿವರಿಸುವುದು ಬೇಡ. ಶರಭದ ಅಚ್ಚಿರುವ ಭಾಗಕ್ಕೆ ಚೂರು ಅಂಟಿಸಬಾರದು ಎಂಬ ಉಪನಿಯಮವನ್ನೂ ಪಾಲಿಸುವವರಿದ್ದಾರೆ. ದೇವರ ಚಿತ್ರದ ಮೇಲೆ ಕಾಲಿಟ್ಟ ಭಾವ ಬರುತ್ತದಂತೆ.

ಇನ್ನು ಸೋಪನ್ನು ‘ಹಣ್ಣಾಗಿಸುವವರು’. ಇವರು ಹೊಸ ಸೋಪನ್ನು ತಂದ ಕೂಡಲೇ ಬಳಸುವುದಿಲ್ಲ. ಅಟ್ಟದ ಮೇಲೋ ಬಟ್ಟೆಗಳ ನಡುವೆಯೋ ತಿಂಗಳುಗಟ್ಟಲೆ ಇಟ್ಟು, ಹಳೆಯದರಿಂದ ಆರಂಭಿಸಿ ಸರದಿಯ ಪ್ರಕಾರ ತೆಗೆಯುತ್ತಾರೆ, ಕೆಲವರು ಡಬ್ಬಿಯ ಮೇಲೆ ಕೊಂಡ ತಿಂಗಳನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತಾರೆ. ಸೋಪಿನಲ್ಲಿ ತೇವಾಂಶ ಇರುತ್ತದೆ, ಇಟ್ಟಷ್ಟೂ ಅದು ಆರಿ ಬಿಲ್ಲೆ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನಿಧಾನವಾಗಿ ಸವೆಯುತ್ತದೆ ಎಂಬ ಅವರ ವಾದ ಸರಿಯೇ. ಆದರೆ ಆರುವುದು ಬೇಗ ಆಗಲೆಂದು ಡಬ್ಬಿಯಿಂದ ಹೊರತೆಗೆದು ಬಿಚ್ಚಿಡುವ ಅತಿರೇಕಿಗಳ ಕ್ರಮವನ್ನು ನಾನು ಒಪ್ಪುವುದಿಲ್ಲ. ಗಂಧ ನಿಧಾನವಾಗಿ ಆವಿಯಾಗುವುದು ನಿಜವಾದರೂ ಆಗುವುದೇ ಇಲ್ಲವೆಂದಲ್ಲ. ಸೋಪಿನ ಆಯುಸ್ಸು ಹೆಚ್ಚಿಸಲು ಹೋಗಿ, ಯಾವ ಪರಿಮಳಕ್ಕಾಗಿ ಕೊಂಡಿದ್ದೋ ಅದನ್ನೇ ಅಟ್ಟದ ಹಲ್ಲಿಗಳಿಗೆ ದಾನ ಮಾಡಿದಂತಾಗುತ್ತದೆ.

ನೊರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ದೇಶದ ಮಾನದಂಡದ ಪ್ರಕಾರ ಸ್ನಾನದ ಸೋಪಿನಲ್ಲಿ ಒಟ್ಟು ಕೊಬ್ಬಿನಂಶ ಶೇ. 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಒಂದನೆಯ ದರ್ಜೆ; ಮೈಸೂರು ಸ್ಯಾಂಡಲ್ ಆ ದರ್ಜೆಗೆ ಸೇರಿದೆ. ಡಬ್ಬಿಯ ಬದಿಯಲ್ಲಿರುವ ಈ ಸಣ್ಣ ಅಕ್ಷರಗಳನ್ನು ಅಂಗಡಿಯಲ್ಲಿ ನಿಂತು, ಕನ್ನಡಕ ಮೇಲೆತ್ತಿ, ಪ್ರತಿ ಸೋಪಿನದ್ದೂ ಓದಿ ಹೋಲಿಸುವ ಒಂದು ವರ್ಗವೂ ಇದೆ, ಮತ್ತು ನಾನು ಆ ವರ್ಗದವನೇ. ಆದರೆ ಎಷ್ಟೇ ಒಳ್ಳೆಯ ದರ್ಜೆಯಿದ್ದರೂ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಮಂಕಾಗುತ್ತದೆ: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳು ಸೋಪಿನೊಡನೆ ಸೇರಿ ಕರಗದ ಗಸಿಯಾಗಿ, ನೊರೆ ಬರುವ ಮೊದಲೇ ಸೋಪು ಖರ್ಚಾಗುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ದಿನ ಮಾತ್ರ ಈ ಸೋಪು, ಉಳಿದ ದಿನ ಅಗ್ಗದ್ದು ಎಂದು ಎರಡು ಬಿಲ್ಲೆ ಇಟ್ಟುಕೊಳ್ಳುವ ಮನೆಗಳನ್ನು ಕಂಡಾಗ ಮೊದಲು ನಗು ಬಂದಿತ್ತು. ಈಗ ಅದರಲ್ಲಿ ದೋಷ ಕಾಣುವುದಿಲ್ಲ.

ನೆಂಟರಿಗೆಂದು ತೆಗೆದಿಡುವ ಬಿಲ್ಲೆಯದು ಬೇರೆಯೇ ಸಮಸ್ಯೆ. ನೆಂಟರು ಬಂದಾಗ ಹೊಸದನ್ನು ಒಡೆದು ಇಡಲಾಗುತ್ತದೆ. ಅವರು ಮರ್ಯಾದೆಗಾಗಿ ಅದನ್ನು ಮುಟ್ಟದೆ, ಪಕ್ಕದಲ್ಲಿದ್ದ ಮನೆಯವರ ಸವೆದ ಸೋಪನ್ನೇ ಬಳಸಿ ಹೋಗುತ್ತಾರೆ. ಒಡೆದಿಟ್ಟದ್ದನ್ನು ಮನೆಯವರು ಬಳಸುವಂತಿಲ್ಲ, ಅದು ನೆಂಟರದ್ದು. ಹೀಗೆ ವರ್ಷವಾದರೂ ಅಕ್ಷರ ಮಾಸದ ಬಿಲ್ಲೆಗಳು ಎಷ್ಟೋ ಬಚ್ಚಲುಗಳಲ್ಲಿ ಕೂತಿವೆ. ವಿದೇಶದಲ್ಲಿರುವ ಕನ್ನಡಿಗರು ಊರಿಂದ ಹೊರಡುವಾಗ ಸೂಟ್‌ಕೇಸಿನ ಮೂಲೆಮೂಲೆಗೂ ಈ ಸೋಪನ್ನು ತುರುಕುತ್ತಾರಷ್ಟೆ. ಅದೇ ಸೂಟ್‌ಕೇಸಿನಲ್ಲಿ ಚಕ್ಕುಲಿ, ಕೋಡುಬಳೆ ಇಡುವವರು ಅವನ್ನು ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕುವುದು ಒಳಿತು. ಎಣ್ಣೆಯಲ್ಲಿ ಕರಿದ ತಿಂಡಿ ವಾಸನೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮತ್ತು ಶ್ರೀಗಂಧದ ಕೋಡುಬಳೆ ತಿನ್ನಲು ಯೋಗ್ಯವಲ್ಲ.

ಕೊಳ್ಳುವವರಿಗೆ ನನ್ನ ಸಲಹೆ ಅವರವರ ಗೀಳನ್ನು ಅವಲಂಬಿಸಿದೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಸೋಪು ಬೇಕು, ಬಿಲ್ಲೆಯ ಮೇಲೆ ಇನ್ನೊಬ್ಬರ ಕೂದಲು ಕಂಡರೆ ಸ್ನಾನವೇ ಬೇಡವೆನ್ನಿಸುತ್ತದೆ ಎನ್ನುವವರು 75 ಗ್ರಾಮಿನದ್ದನ್ನು ಕೊಳ್ಳಲಿ. ಅದು ಸಣ್ಣ ಕೈಗೂ ಹಿಡಿತಕ್ಕೆ ಸಿಗುತ್ತದೆ, ಬೇಗ ಮುಗಿಯುವುದರಿಂದ ಡಬ್ಬಿಗಳೂ ಹೆಚ್ಚು ಸಿಗುತ್ತವೆ. ಹಣ್ಣಾಗಿಸುವವರಿಗೂ ಚೂರು ಅಂಟಿಸುವವರಿಗೂ 125 ಗ್ರಾಮಿನ ಬಿಲ್ಲೆ ಸರಿ: ಅದರ ಮೈ ವಿಶಾಲವಾಗಿದ್ದು, ಸವೆದ ಮೇಲೆ ಚೂರು ಕೂರಲು ಸ್ವಲ್ಪವಾದರೂ ಸಮತಟ್ಟು ಜಾಗ ಒದಗುತ್ತದೆ. 2012ರಲ್ಲಿ 720 ರೂಪಾಯಿ ಬೆಲೆಯೊಂದಿಗೆ ಬಂದ ಮೈಸೂರು ಸ್ಯಾಂಡಲ್ ಮಿಲೇನಿಯಂ ಸೋಪನ್ನು ಉಡುಗೊರೆಗೆ ಕೊಡಬಹುದು, ಆದರೆ ಗೀಳಿನವರ ಕೈಗೆ ಅದನ್ನು ಕೊಡುವುದು ಬೇಡ. ಡಬ್ಬಿ ಒಡೆಯಲು ಮನಸ್ಸಾಗದೆ ಅದು ದೇವರಮನೆಯ ಗೂಡಿನಲ್ಲೋ ಶೋಕೇಸಿನಲ್ಲೋ ಕೂರುತ್ತದೆ. ದ್ರವರೂಪದ ಬಾಡಿವಾಶ್ ಬಗ್ಗೆ ಇಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಖಾಲಿಯಾಗುತ್ತ ಬಂದ ಬಾಟಲಿಗೆ ನೀರು ಹಾಕಿ ಕುಲುಕುವುದರ ಹೊರತಾಗಿ ಅದು ಯಾವ ಹುಚ್ಚಿಗೂ ಅವಕಾಶ ಕೊಡುವುದಿಲ್ಲ.