ಗಾಲಿ ಒಂದು ಸರಿಯಿದ್ದಿದ್ದರೆ: ಗೋವಾ ಟ್ರಯಾಥ್ಲಾನಿಗೆ ಹೋಗಿಬರುವ ನನ್ನ ಸೈಕಲ್ ಪೆಟ್ಟಿಗೆ

ಮೊದಲು ಗಾಲಿಯ ಸಂಗತಿ ಹೇಳಿ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ಸಮಾಧಾನದಿಂದ ಬರೆಯಲಾಗದು. ಸೈಕಲ್ ಹಾಕಿ ಒಯ್ಯುವ ಈ ಹಾರ್ಡ್ ಕೇಸಿನ ತಳದಲ್ಲಿ ನಾಲ್ಕು ಪುಟ್ಟ ಗಾಲಿಗಳಿವೆ. ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಒಂದು ಬೆರಳಲ್ಲಿ ತಳ್ಳಿದರೂ ಸಾಕು, ಪೆಟ್ಟಿಗೆ ತಾನಾಗಿ ಓಡುತ್ತದೆ. ಆದರೆ ಗಾಜಿನ ಬಾಗಿಲು ದಾಟಿ ಹೊರಗೆ ಬಂದಿರೋ, ಮುಗಿಯಿತು. ಇಂಟರ್‌ಲಾಕ್ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಚರಂಡಿಯ ಜಾಲರಿಯೊಳಗೆ ಇಳಿಯುತ್ತದೆ, ಡಾಂಬರಿನ ಮೇಲೆ ಮನೆಮಂದಿಯೆಲ್ಲ ಎದ್ದು ಬರುವಷ್ಟು ಸದ್ದು ಮಾಡುತ್ತದೆ. ಬೆಂಗಳೂರಿನ ಫುಟ್‌ಪಾತಿನ ಮಾತಂತೂ ಎತ್ತುವುದೇ ಬೇಡ. ಹೀಗೆ ಬಳಸುತ್ತಾ ಹೋದರೆ ಒಂದು ದಿನ ಗಾಲಿ ಕಿತ್ತುಬರುವುದು ಖಂಡಿತ. ನನ್ನದು ಕಿತ್ತುಬಂತು. ಆಗ ಗೊತ್ತಾದದ್ದು, ಗಾಲಿಗಳಿಗೆ ಹಾಕಿರುವುದು ಬೋಲ್ಟ್ ಅಲ್ಲ, ರಿವೆಟ್ ಎಂದು. ಅಂದರೆ ಬಿಚ್ಚಿ ಬದಲಾಯಿಸುವ ಯೋಚನೆಯೇ ಮಾಡಿದವರಿಗೆ ಬಂದಿಲ್ಲ. ಕಂಪನಿಗೆ ಬರೆದರೆ, ಬಿಡಿ ಗಾಲಿ ಮಾರುವುದಿಲ್ಲ, ಕೆಳಗಿನ ಅರ್ಧ ಚಿಪ್ಪನ್ನೇ ಕೊಳ್ಳಿ ಎಂಬ ಉತ್ತರ. ಆ ಚಿಪ್ಪಿನ ಬೆಲೆ, ನಾನು ಪೆಟ್ಟಿಗೆಗೆ ಕೊಟ್ಟ ಹಣಕ್ಕಿಂತ ಹೆಚ್ಚು!

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಜಾತಿಯ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ನಿಮ್ಮದಕ್ಕೂ ಇದೇ ಗಾಲಿ ಇರಬಹುದು. ನಾನಿದನ್ನು 2022ರಲ್ಲಿ, ಟ್ರಯಾಥ್ಲಾನಿನ ಹುಚ್ಚು ಇಳಿದ ಒಬ್ಬರಿಂದ 18 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಕೊಂಡೆ. 2019ರಲ್ಲಿ ಮೊದಲ ಸಲ ನಡೆದು ಕೋವಿಡ್‌ನಿಂದ ನಿಂತುಹೋಗಿದ್ದ ಗೋವಾದ ಐರನ್‌ಮ್ಯಾನ್ 70.3 ಎಂಬ ಟ್ರಯಾಥ್ಲಾನ್ ಆ ನವೆಂಬರಿನಲ್ಲಿ ಮತ್ತೆ ಶುರುವಾಯಿತು. ಅಂದಿನಿಂದ ಪ್ರತಿವರ್ಷ ನನ್ನ ಸೈಕಲ್ ಇದರೊಳಗೇ ಮಲಗಿ ಪಣಜಿಯ ಮಿರಾಮಾರ್ ಕಡಲತೀರಕ್ಕೆ ಹೋಗಿಬರುತ್ತಿದೆ. 1.9 ಕಿ.ಮೀ. ಸಮುದ್ರದಲ್ಲಿ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಎಲ್ಲವೂ ಎಂಟೂವರೆ ಗಂಟೆಯೊಳಗೆ. ಬೆಂಗಳೂರು ದಕ್ಷಿಣದ ಎಂ.ಪಿ. ತೇಜಸ್ವಿ ಸೂರ್ಯ 2024ರಲ್ಲಿ 8 ಗಂಟೆ 27 ನಿಮಿಷಕ್ಕೆ ಮುಗಿಸಿದ ಮೇಲೆ ಆಫೀಸಿನಲ್ಲಿ ಇದೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ರಜೆ ಅರ್ಜಿಯಲ್ಲಿ ‘ಗೋವಾ’ ಎಂದು ಬರೆದರೂ ಈಗ ಮ್ಯಾನೇಜರ್ ನಗುವುದಿಲ್ಲ.

ಈಜಿಗೆ ಬೇಕಾದದ್ದು ಒಂದು ಕನ್ನಡಕ, ಓಟಕ್ಕೆ ಒಂದು ಜೊತೆ ಶೂ. ಅರಬ್ಬಿ ಸಮುದ್ರ ಬೆಚ್ಚಗಿರುವುದರಿಂದ ವೆಟ್‌ಸೂಟಿನ ಗಂಟೂ ಇಲ್ಲ. ತಾಪತ್ರಯವೆಲ್ಲ ಸೈಕಲ್‌ದು. ಅದಕ್ಕೇ ಹೇಳುವುದು, ಪೆಟ್ಟಿಗೆ ತೆಗೆದುಕೊಳ್ಳುವಾಗ ಅದರ ಉದ್ದಗಲ, ತೂಕ ನೋಡುತ್ತೇವೆ, ಆ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಯಾರೂ ಹೇಳದ ಮಾತೆಂದರೆ, ಮನೆಗೆ ಬಂದ ದಿನದಿಂದ ಪ್ರವಾಸದ ಯಜಮಾನಿಕೆ ಪೆಟ್ಟಿಗೆಯದ್ದೇ. ಯಾವ ಬಸ್ಸು, ಯಾವ ಟ್ಯಾಕ್ಸಿ, ಯಾವ ರೂಮು, ಕೊನೆಯ ಲಾಂಗ್ ರೈಡ್ ಯಾವ ದಿನ, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ.

ವಿಮಾನದ ಕಥೆ ನೋಡಿ. ದೇಶದೊಳಗಿನ ಟಿಕೆಟಿಗೆ ಸಾಮಾನ್ಯವಾಗಿ 15 ಕೆ.ಜಿ. ಚೆಕ್-ಇನ್ ಸಾಮಾನು. ಖಾಲಿ ಪೆಟ್ಟಿಗೆಯೇ 12 ಕೆ.ಜಿ. ಇದೆ, ಸೈಕಲ್ ಇಟ್ಟರೆ ಇಪ್ಪತ್ತೆರಡರ ಹತ್ತಿರ. ಹೆಚ್ಚುವರಿ ತೂಕದ ಹಣ ಬೇರೆ, ಕ್ರೀಡಾ ಸಾಮಾನಿನ ಶುಲ್ಕ ಬೇರೆ. ಕೌಂಟರಿನವರು ಬೆಲ್ಟಿನ ಮೇಲೆ ಹಿಡಿಸುವುದಿಲ್ಲ ಎಂದು ಇನ್ನೊಂದು ಮೂಲೆಯ ಎಕ್ಸ್‌ರೇಗೆ ಕಳಿಸುತ್ತಾರೆ. ಟೈರಿಗೆ ಗಾಳಿ ತುಂಬುವ ಸಿಒ2 ಕಾರ್ಟ್ರಿಡ್ಜ್ ಮರೆತು ಒಳಗಿಟ್ಟಿದ್ದರೆ ಎಲ್ಲ ಬಿಚ್ಚಿಸುತ್ತಾರೆ, ಕೈಪಂಪು ಒಯ್ಯುವುದೇ ಲೇಸು. ಅತ್ತ ಇಳಿದ ಮೇಲೆ ಗೋವಾದಲ್ಲಿ ಓಲಾ, ಊಬರ್ ಇಲ್ಲ. ಮೋಪಾದಲ್ಲಿ ಇಳಿದರೂ ಅಷ್ಟೇ, ದಾಬೋಲಿಮ್‌ನಲ್ಲಿ ಇಳಿದರೂ ಅಷ್ಟೇ, ಹಿಂದಿನ ಸೀಟು ಮಡಚುವ ದೊಡ್ಡ ಗಾಡಿಯೇ ಆಗಬೇಕು, ಬಾಡಿಗೆಯೂ ಅದಕ್ಕೆ ತಕ್ಕಂತೆ. ರೈಲೂ ಇದೆ, ಯಶವಂತಪುರದಿಂದ ವಾಸ್ಕೋಗೆ. ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಲಗೇಜ್ ವ್ಯಾನಿಗೆ ಹಾಕಿಸಬೇಕು. ಅಲ್ಲಿನ ಎಸೆದಾಟವನ್ನು ಈ ಪೆಟ್ಟಿಗೆ ಗಟ್ಟಿಯಾಗಿ ತಡೆದುಕೊಂಡಿದೆ, ಮೇಲೆ ಗೀರು ಬಿದ್ದಿದೆಯೇ ಹೊರತು ಒಳಗೆ ಏನೂ ಆಗಿಲ್ಲ. ಆ ಮಟ್ಟಿಗೆ ಪೂರ್ತಿ ಅಂಕ.

ನನ್ನ ಸಂಬಳಕ್ಕೆ ಒಗ್ಗಿದ್ದು ರಾತ್ರಿ ಬಸ್ಸು. ಆನಂದರಾವ್ ಸರ್ಕಲ್‌ನಲ್ಲಿ ಕ್ಲೀನರ್ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ “ಆರ್ಕೆಸ್ಟ್ರಾದವ್ರಾ ಸಾರ್?” ಎಂದು ಕೇಳುತ್ತಾನೆ. ಹೌದು ಎಂದರೆ ಇನ್ನೂರು ರೂಪಾಯಿ, ಸೈಕಲ್ ಎಂದರೆ ಐನೂರು. ಏಕೆ ಹೀಗೆ ಎಂದು ತಿಳಿಯದು, ಆದರೆ ಅಂದಿನಿಂದ ನಾನು ಕೀಬೋರ್ಡ್ ನುಡಿಸುವವನು. ಡಿಕ್ಕಿಯಲ್ಲಿ ಪೆಟ್ಟಿಗೆ ಮಲಗಿಸಿ ಇಡಿಸಿ, ಗಾಲಿ ಇರುವ ಕಡೆ ಬೇರೆಯವರ ಸೂಟ್‌ಕೇಸ್ ಒತ್ತಿ ಇಡಿಸಬೇಕು. ಹುಬ್ಬಳ್ಳಿ ದಾಟಿದ ಮೇಲೆ ಘಾಟಿಯ ತಿರುವಿನಲ್ಲಿ ಅದು ಆಚೆಯಿಂದ ಈಚೆಗೆ ಜಾರಾಡುವ ಸದ್ದು ಸ್ಲೀಪರಿನಲ್ಲಿ ಮಲಗಿದವನ ಬೆನ್ನಿಗೇ ಕೇಳಿಸುತ್ತದೆ. ಆ ನಿದ್ದೆ ನಿದ್ದೆಯಲ್ಲ.

ರೂಮಿನ ವಿಷಯದಲ್ಲಿ ಮಿರಾಮಾರಿನ ಹೋಟೆಲುಗಳ ಆಸೆ ಬಿಟ್ಟೆ. ಸ್ಪರ್ಧೆಯ ವಾರ ಬಾಡಿಗೆ ಏರುತ್ತದೆ, ಏರಿದರೂ ರೂಮಿನಲ್ಲಿ ಪೆಟ್ಟಿಗೆ ಬಿಚ್ಚಿ ಸೈಕಲ್ ಜೋಡಿಸುವಷ್ಟು ಜಾಗ ಇರುವುದಿಲ್ಲ. ತಾಳೆಗಾಂವ್, ಕಾರಂಜಾಳೆ ಕಡೆ ನೆಲಮಹಡಿಯ ಮನೆ ನೋಡಿ, ಅಡುಗೆಮನೆ ಇರಲಿ, ಹಾಲಿನಲ್ಲಿ ಟೈಲ್ಸ್ ನೆಲ ಇರಲಿ. ಹಿಂದಿನ ದಿನ ಸೈಕಲ್ಲನ್ನು ಟ್ರಾನ್ಸಿಷನ್ ಜಾಗದಲ್ಲಿ, ಅಂದರೆ ಈಜು ಮುಗಿಸಿ ಸೈಕಲ್ ಹತ್ತುವ ಕಡೆ, ಬಿಟ್ಟುಬರಬೇಕಲ್ಲ, ಅಲ್ಲಿಂದ ನಡೆದೇ ವಾಪಸ್ ಬರುವಷ್ಟು ಹತ್ತಿರ ಇರಬೇಕು. ಸ್ಪರ್ಧೆಯ ಬೆಳಿಗ್ಗೆ ರಸ್ತೆ ಮುಚ್ಚುತ್ತಾರೆ, ನಸುಕಿನಲ್ಲಿ ಟ್ಯಾಕ್ಸಿ ಹುಡುಕುವ ಪಾಡು ಬೇಡ. ಅಡುಗೆಮನೆ ಯಾಕೆಂದರೆ ಹೋಟೆಲಿನ ತಿಂಡಿ ಏಳೂವರೆಗೆ, ನಮ್ಮದು ಮೂರೂವರೆಗೆ. ನಾನು ಮನೆಯಿಂದಲೇ ತೆಳು ಅವಲಕ್ಕಿ ಒಯ್ಯುತ್ತೇನೆ. ಮೊಸರು, ಚೂರು ಉಪ್ಪು, ಎರಡು ಬಾಳೆಹಣ್ಣು, ಮುಗಿಯಿತು. ಜೆಲ್, ಓಟ್ಸ್ ಎಂದು ಕುಣಿಯುವವರು ಕುಣಿಯಲಿ, ನನ್ನ ಹೊಟ್ಟೆ ಸೈಕಲ್ ಮೇಲೆ ಕೂತಾಗ ಗುಡುಗದಿರುವುದು ಇದೊಂದಕ್ಕೇ.

ತರಬೇತಿಯ ಲೆಕ್ಕವನ್ನೂ ಪೆಟ್ಟಿಗೆಯೇ ಹಾಕುತ್ತದೆ ಎಂದೆನಲ್ಲ. ಬುಧವಾರ ರಾತ್ರಿ ಸೈಕಲ್ ಒಳಗೆ ಹೋದರೆ ಶುಕ್ರವಾರದವರೆಗೆ ಹೊರಗಿಲ್ಲ, ಹಾಗಾಗಿ ನಂದಿ ರಸ್ತೆಯ ಕೊನೆಯ ದೊಡ್ಡ ಸವಾರಿ ಅದರ ಹಿಂದಿನ ಭಾನುವಾರವೇ ಮುಗಿಯಬೇಕು. ಸಮುದ್ರದ್ದು ಇನ್ನೊಂದು ಪೇಚು. ಮಳೆಗಾಲವಿಡೀ ನಮ್ಮ ಕರಾವಳಿಯಲ್ಲಿ ಕಡಲಿಗೆ ಇಳಿಯುವಂತಿಲ್ಲ, ಅದು ಶಾಂತವಾಗುವಷ್ಟರಲ್ಲಿ ಸ್ಪರ್ಧೆ ಬಂದೇಬಿಡುತ್ತದೆ. ಬೆಂಗಳೂರಿನ ಈಜುಕೊಳದಲ್ಲಿ ಎಷ್ಟು ಸುತ್ತು ಹೊಡೆದರೂ ಬಾಯಿಗೆ ಉಪ್ಪುನೀರು ನುಗ್ಗುವುದು, ಅಲೆ ಬಂದಾಗ ದಾರಿ ತೋರಿಸಲು ತೇಲಿಬಿಟ್ಟ ಮುಂದಿನ ಬುರುಡೆ ಕಾಣಿಸದಿರುವುದು ಅಭ್ಯಾಸವಾಗುವುದಿಲ್ಲ. ಎರಡು ದಿನ ಮೊದಲೇ ಹೋಗಿ ಬೆಳಿಗ್ಗೆ ಅಲ್ಲೇ ನೀರಿಗಿಳಿಯುವುದೊಂದೇ ದಾರಿ. ಸೆಕೆಗೂ ಅದೇ ಮದ್ದು. ಬೆಂಗಳೂರಿನ ತಂಪಿನಲ್ಲಿ ಓಡಿದವನಿಗೆ ಗೋವಾದ ಹನ್ನೊಂದು ಗಂಟೆಯ ಬಿಸಿಲು, ಬೆವರು ಬೇರೆಯೇ ಲೋಕ. ನಾನು ಕೊನೆಯ ತಿಂಗಳು ಮನೆಯೊಳಗೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೈನರ್‌ಗೆ ಸಿಕ್ಕಿಸಿ ತುಳಿಯುತ್ತೇನೆ. ಪಕ್ಕದ ಮನೆಯವರಿಗೆ ಏನನ್ನಿಸುತ್ತದೋ ಕೇಳಿಲ್ಲ.

ಇಷ್ಟೆಲ್ಲ ಬೈದರೂ ಬುಧವಾರ ರಾತ್ರಿಯ ಕೆಲಸ ನನಗೆ ಪ್ರಾಣ. ಊಟವಾದ ಮೇಲೆ ಹಾಲಿನಲ್ಲಿ ಹಳೇ ಜಮಖಾನ ಹಾಸುತ್ತೇನೆ. ಮೊದಲು ಸೀಟ್‌ಪೋಸ್ಟಿಗೆ ಇನ್ಸುಲೇಷನ್ ಟೇಪಿನ ಒಂದು ಸುತ್ತು, ಮತ್ತೆ ಎತ್ತರ ಅಳೆಯಬೇಕಾಗಿಲ್ಲ. ಆಮೇಲೆ ಪೆಡಲ್. ಎಡಗಡೆಯದ್ದು ಉಲ್ಟಾ ತ್ರೆಡ್, ಆದರೆ ಎಡ ಬಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಸ್ಪಾನರ್ ಮೇಲ್ಮುಖವಾಗಿ ಹಿಡಿದು ಹಿಂಗಾಲಿಯ ಕಡೆಗೆ ಎಳೆದರೆ ಎರಡೂ ಸಡಿಲವಾಗುತ್ತವೆ. ಗೇರ್ ಬದಲಿಸುವ ಹಿಂದಿನ ಡಿರೇಲರನ್ನು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರಿನಿಂದ ಬಿಚ್ಚಿ, ಬಬಲ್‌ರ್ಯಾಪ್ ಸುತ್ತಿ, ಫ್ರೇಮಿನ ಒಳಗಡೆಗೆ ಕೇಬಲ್ ಟೈ ಹಾಕಿ ಕಟ್ಟುತ್ತೇನೆ. ಚೈನಿಗೆ ಅಮ್ಮನ ಹಳೇ ಸೀರೆಯ ಪಟ್ಟಿ. ಸೈಕಲ್ಲಿನ ಗಾಲಿ ತೆಗೆದ ಮೇಲೆ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ. ಅದು ಸಿಗದಿದ್ದರೆ ವಿಸಿಟಿಂಗ್ ಕಾರ್ಡ್ ಮಡಚಿ ಇಡಿ, ಇಡದೆ ಯಾರಾದರೂ ಬ್ರೇಕ್ ಅದುಮಿದರೋ ಪ್ಯಾಡು ಕಚ್ಚಿಕೊಂಡು ಕೂರುತ್ತದೆ. ಫ್ರೇಮಿನ ಕೊಳವೆಗಳಿಗೆ ಪೆಟ್ಟಿಗೆಯ ಜೊತೆ ಬಂದ ಸ್ಪಂಜು ಬೇಡವೇ ಬೇಡ, ಒಂದೇ ವರ್ಷಕ್ಕೆ ಪುಡಿಯಾಯಿತು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ, ಸೀಳಿ ತೊಡಿಸಿದರೆ ಅಳತೆಗೆ ಹೊಲಿಸಿದಂತೆ ಕೂರುತ್ತದೆ. ಉಳಿದ ಸಂದಿಗಳಿಗೆ ಟವೆಲ್, ಓಟದ ಚಡ್ಡಿ, ಅವಲಕ್ಕಿಯ ಪೊಟ್ಟಣ. ಇಷ್ಟು ಮಾಡುವಾಗ ಚೈನ್ ಎಷ್ಟು ಸವೆದಿದೆ, ಟೈರಿನಲ್ಲಿ ಎಲ್ಲಿ ಗಾಜು ಚುಚ್ಚಿದೆ, ಯಾವ ಬೋಲ್ಟಿಗೆ ತುಕ್ಕು, ಎಲ್ಲ ಕಣ್ಣಿಗೆ ಬೀಳುತ್ತವೆ. ಮೊದಲು ಪಂಪು ಹೊಡೆಯುವುದಕ್ಕೂ ಅಂಗಡಿಗೆ ಓಡುತ್ತಿದ್ದವನು ಈಗ ಸರ್ವಿಸ್‌ಗೆ ಕೊಡುವುದನ್ನೇ ಬಿಟ್ಟಿದ್ದೇನೆ. ಪೆಟ್ಟಿಗೆಯ ಬೆಲೆಯಲ್ಲಿ ಅರ್ಧ ಅಲ್ಲೇ ವಾಪಸ್ ಬಂತು.

ಉಳಿದ ಹನ್ನೊಂದು ತಿಂಗಳು ಇದು ದಿವಾನದ ಪಕ್ಕ ಅಮ್ಮನ ಸೊತ್ತು. ದಸರಾ ಗೊಂಬೆಗಳೆಲ್ಲ ಇದರಲ್ಲೇ, ಫೋಮ್ ಇರುವುದರಿಂದ ಪಟ್ಟದ ಗೊಂಬೆಗೂ ಜೋಪಾನ. 2024ರಲ್ಲಿ ನವರಾತ್ರಿ ಮುಗಿದ ಮೇಲೆ ಸ್ಪರ್ಧೆ ಬಂದದ್ದರಿಂದ ಇಬ್ಬರಿಗೂ ಅನುಕೂಲವಾಯಿತು. 2023ರಲ್ಲಿ ಮಾತ್ರ ಸ್ಪರ್ಧೆ ಅಕ್ಟೋಬರ್ 8ಕ್ಕೆ, ಗೊಂಬೆ ಕೂರಿಸುವುದು 15ಕ್ಕೆ. ಗೊಂಬೆಗಳು ಒಂದು ವಾರ ಮಂಚದ ಮೇಲೆ, ನಾನು ನೆಲದ ಮೇಲೆ.

ಗಾಲಿ ಕಿತ್ತದ್ದು ತಾಳೆಗಾಂವಿನ ಒಂದು ಕೆಮ್ಮಣ್ಣಿನ ಓಣಿಯಲ್ಲಿ. ಬಸ್ಸಿಳಿದು ಎಳೆದುಕೊಂಡು ಬರುತ್ತಿದ್ದಾಗ ಒಂದು ಗಾಲಿ ಕಲ್ಲಿಗೆ ಬಡಿದು ಕಿತ್ತು ಉರುಳಿತು. ಪಕ್ಕದ ಕಟ್ಟಡದಲ್ಲಿ ಕೆಲಸಕ್ಕಿದ್ದ ಒಬ್ಬರು ನನ್ನ ಗೊಣಗಾಟ ಕೇಳಿ ಹೊರಗೆ ಬಂದರು, ಬಾಗಲಕೋಟೆ ಕಡೆಯವರು. ಗೋವಾದಲ್ಲಿ ಕನ್ನಡದಲ್ಲಿ ಬೈದುಕೊಂಡರೆ ಯಾರಾದರೂ ಕೇಳಿಸಿಕೊಳ್ಳುತ್ತಾರೆ, ಅದೊಂದು ಸಮಾಧಾನ. “ಇದರಾಗ ಏನೈತ್ರಿ ಸರ?” ಎಂದರು. ಸೈಕಲ್ ಎಂದೆ. “ಸೈಕಲ್ಲಿಗೆ ಗಾಲಿ ಇಲ್ಲೇನ್ರಿ? ಅದನ್ನ ಹೊತಗೊಂಡು ಅಡ್ಡಾಡ್ತೀರಲ್ಲ!” ಎಂದು ನಕ್ಕು, ಹೆಗಲ ಮೇಲಿನ ಟವೆಲ್ ತೆಗೆದು ಸಿಂಬಿ ಸುತ್ತಿ ತಲೆ ಮೇಲಿಟ್ಟುಕೊಂಡರು. “ಎತ್ತ್ರಿ ಒಂದ್ ಕಡೆ.” ನಾನು ಒಂದು ತುದಿ ಎತ್ತಿಕೊಟ್ಟೆ. ಮನೆ ಬಾಗಿಲವರೆಗೆ ಒಂದು ಕಡೆಯೂ ವಾಲಿಸದೆ ಒಯ್ದು ಇಳಿಸಿದರು. ಹಣ ಮುಟ್ಟಲಿಲ್ಲ, ಚಹಾ ಕುಡಿದರು. ಸೈಕಲ್ ಜೋಡಿಸುವುದನ್ನು ಕೂತು ನೋಡಿ, ಇದಕ್ಕೆ ಎಷ್ಟಾಯಿತು ಎಂದು ಕೇಳಿದರು. ನಾನು ಸ್ವಲ್ಪ ಕಡಿಮೆಯೇ ಹೇಳಿದೆ.

ಬೆಂಗಳೂರಿಗೆ ಬಂದ ಮೇಲೆ ಎಸ್.ಜೆ.ಪಿ. ರಸ್ತೆಗೆ ಹೋದೆ. ಅಲ್ಲಿ ಕ್ಯಾಸ್ಟರ್ ಗಾಲಿಗಳದ್ದೇ ಸಾಲು, ಆಸ್ಪತ್ರೆ ಮಂಚದ್ದು, ಗೋಡೌನ್ ಟ್ರಾಲಿಯದ್ದು, ಏನು ಬೇಕಾದರೂ. ಅಂಗಡಿಯವರು ಪೆಟ್ಟಿಗೆಯ ಫೋಟೊ ನೋಡಿದವರೇ, ಬ್ರೇಕ್ ಇರುವ ಎರಡು, ಇಲ್ಲದ ಎರಡು, ಮೂರಿಂಚಿನ ರಬ್ಬರ್ ಗಾಲಿ ತೆಗೆದಿಟ್ಟರು. ಸಾವಿರದೊಳಗೆ ಮುಗಿಯಿತು. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ರಿವೆಟ್ ಕೊರೆದು ತೆಗೆಸಿ, ಒಳಗಡೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿದೆ. ಪೆಟ್ಟಿಗೆ ಎರಡಿಂಚು ಎತ್ತರವಾಗಿದೆ, ತೂಕವೂ ಒಂದಿಷ್ಟು ಹೆಚ್ಚಿದೆ. ಆದರೆ ಈಗ ಅದು ಫುಟ್‌ಪಾತಿನ ಮೇಲೂ ಸುಮ್ಮನೆ ಹಿಂದೆ ಹಿಂದೆ ಬರುತ್ತದೆ. ಮೂರನೇ ಮಹಡಿಯ ನಮ್ಮ ಮನೆಗೆ ಲಿಫ್ಟ್ ಇಲ್ಲ, ಅದಕ್ಕೆ ಯಾವ ಗಾಲಿಯೂ ಪರಿಹಾರವಲ್ಲ.

ಹೊಸದನ್ನು ಪೂರ್ತಿ ಬೆಲೆ ಕೊಟ್ಟು ತೆಗೆದುಕೊಳ್ಳಿ ಎಂದು ಹೇಳುವ ಧೈರ್ಯ ನನಗಿಲ್ಲ. ವರ್ಷಕ್ಕೊಂದೇ ಸಲ ಗೋವಾ, ಅದೂ ಸ್ವಂತ ಕಾರಿನಲ್ಲಿ ಎಂದಾದರೆ ಹಿಂದೆ ಕಟ್ಟುವ ಕ್ಯಾರಿಯರ್ ಸಾಕು. ಒಂದೇ ಬಾರಿ ಹೋಗಿ ಬರುವವರು ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಡಬ್ಬ ಕೇಳಿ, ಹೆಚ್ಚಿನವರು ಪುಕ್ಕಟೆ ಕೊಡುತ್ತಾರೆ. ವಿಮಾನ, ರೈಲು ಎಂದು ಊರೂರು ತಿರುಗುವವರಿಗೆ, ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಇದು ಒಳ್ಳೆಯದೇ. ಪೆಟ್ಟಿಗೆ ಯಾವುದೇ ಇರಲಿ, ಒಂದು ಬಿಡಿ ಡಿರೇಲರ್ ಹ್ಯಾಂಗರ್ ಜೇಬಿನಲ್ಲಿರಲಿ. ಒಂದೊಂದು ಸೈಕಲ್ಲಿಗೆ ಒಂದೊಂದು ನಮೂನೆಯದ್ದು, ಪಣಜಿಯಲ್ಲಿ ಶನಿವಾರ ಸಂಜೆ ಹುಡುಕಿದರೆ ಸಿಗುವುದಲ್ಲ. ಗಾಲಿ ಬದಲಾಯಿಸುವವರು ಪೆಟ್ಟಿಗೆಯೊಳಗೆ ಬೋಲ್ಟಿನ ತುದಿ ಎಷ್ಟು ಚಾಚಿದೆ ಎಂದು ನೋಡಿಕೊಳ್ಳಿ. ಹೆಚ್ಚಾಗಿದ್ದರೆ ಕತ್ತರಿಸಿ, ಮೇಲೆ ಹಳೇ ಟ್ಯೂಬಿನ ತುಂಡು ಅಂಟಿಸಿಬಿಡಿ, ಫ್ರೇಮಿಗೆ ತಾಗುವುದಿಲ್ಲ.